ನೆಟ್ ಹೋಯಿತೇ? ಎಲ್ಲಿ ಕಡಿದಿದೆ ಎಂದು ಮೊದಲು ಹುಡುಕೋಣ

"ನೆಟ್ ಹೋಗಿದೆ" ಎಂಬ ಮಾತು ಈಗ "ನೀರು ಬಂದಿಲ್ಲ", "ಕರೆಂಟ್ ಇಲ್ಲ" ಎಂಬ ಮಾತುಗಳ ಸಾಲಿಗೆ ಸೇರಿಹೋಗಿದೆ. ಮುಂಬಯಿಯ ಒಂದು ಕೋಣೆಯ ಮನೆಯಿರಲಿ, ಹೈದರಾಬಾದಿನ ಅಪಾರ್ಟ್‌ಮೆಂಟ್ ಇರಲಿ, ಮಗನ ಪರೀಕ್ಷೆಯ ಅರ್ಜಿ, ಸೊಸೆಯ ಆಫೀಸಿನ ಮೀಟಿಂಗ್, ಬೆಳಿಗ್ಗೆ 10 ಗಂಟೆಯ ತತ್ಕಾಲ್ ಟಿಕೆಟ್, ಊರಿನಲ್ಲಿರುವ ಹಿರಿಯರ ಮುಖ ನೋಡುವ ರಾತ್ರಿಯ ವಿಡಿಯೋ ಕರೆ, ಇವೆಲ್ಲವೂ ಮನೆಗೆ ಬರುವ ಅದೇ ಒಂದು ತೆಳು ತಂತಿಯನ್ನು ನೆಚ್ಚಿಕೊಂಡಿವೆ. ಅದು ಕೈಕೊಟ್ಟ ದಿನ ಮನೆಯಲ್ಲಿ ಗಡಿಬಿಡಿ. ಒಬ್ಬರು ರೌಟರ್ ಆಫ್ ಮಾಡುತ್ತಾರೆ, ಇನ್ನೊಬ್ಬರು ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾರೆ, ಮತ್ತೊಬ್ಬರು ಕಂಪನಿಗೆ ಫೋನ್ ಮಾಡಿ ಅರ್ಧ ಗಂಟೆ ಸಂಗೀತ ಕೇಳುತ್ತಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ರಸ್ತೆ ಅಗೆದಾಗ ಕೇಬಲ್ ಕಡಿದಿದ್ದರೆ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಏನು ಪ್ರಯೋಜನ? ಡಿಎನ್‌ಎಸ್ ಕೆಟ್ಟಿದ್ದರೆ ಲೈನ್‌ಮನ್ ಬಂದು ತಂತಿ ಬದಲಿಸಿ ಹೋದರೂ ಸಂಜೆ ಮತ್ತೆ ಅದೇ ಗೋಳು. ತೊಂದರೆ ಯಾವ ಜಾಗದಲ್ಲಿದೆ ಎಂದು ಹತ್ತು ನಿಮಿಷದಲ್ಲಿ ಪತ್ತೆಹಚ್ಚುವ ಕ್ರಮವೊಂದಿದೆ. ಅದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ. ಆ ಕ್ರಮವನ್ನು ಇಲ್ಲಿ ಒಂದೊಂದಾಗಿ ನೋಡೋಣ.

ದಾರಿಯಲ್ಲಿ ನಾಲ್ಕು ನಿಲ್ದಾಣ

ನಿಮ್ಮ ಕಂಪ್ಯೂಟರಿನಿಂದ ಒಂದು ಜಾಲತಾಣದವರೆಗೆ ಹೋಗುವ ದಾರಿಯನ್ನು ಬಸ್ಸಿನ ದಾರಿಯಂತೆ ಭಾವಿಸಿ. ಮೊದಲ ನಿಲ್ದಾಣ ನಿಮ್ಮ ಕಂಪ್ಯೂಟರ್. ಎರಡನೆಯದು ಮನೆಯ ರೌಟರ್, ಅಂದರೆ ವೈಫೈ ಹರಡುವ ಡಬ್ಬಿ. ಮೂರನೆಯದು ಸಂಪರ್ಕ ಕೊಡುವ ಕಂಪನಿ. ನಾಲ್ಕನೆಯದು ಹೊರಗಿನ ಜಗತ್ತು. ಈ ದಾರಿಯ ಪಕ್ಕದಲ್ಲಿ ಹೆಸರು ಹೇಳಿದರೆ ವಿಳಾಸ ಹೇಳುವ ಒಂದು ವಿಚಾರಣಾ ಕೌಂಟರ್ ಇದೆ. ಅದೇ ಡಿಎನ್‌ಎಸ್. ರಸ್ತೆ ಚೆನ್ನಾಗಿದ್ದು ಕೌಂಟರ್ ಮುಚ್ಚಿದ್ದರೂ ನಮಗೆ ಕಾಣುವುದು "ನೆಟ್ ಇಲ್ಲ" ಎಂದೇ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ನಿಲ್ದಾಣದವರೆಗೆ ಬಸ್ಸು ಹೋಗುತ್ತಿದೆ?

ಎಲ್ಲರಿಗೂ ಇಲ್ಲವೋ, ಒಬ್ಬರಿಗೆ ಮಾತ್ರವೋ?

ಯಾವುದೇ ಬಟನ್ ಒತ್ತುವ ಮೊದಲು ಎರಡು ಸಂಗತಿ ನೋಡಿ. ಒಂದು, ಅದೇ ವೈಫೈಯಲ್ಲಿರುವ ಮೊಬೈಲಿನಲ್ಲಿ ನೆಟ್ ಬರುತ್ತಿದೆಯೇ? ಪರೀಕ್ಷಿಸುವಾಗ ಮೊಬೈಲ್ ಡೇಟಾವನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಫೋನು ಸದ್ದಿಲ್ಲದೆ ಸಿಮ್ಮಿನ ನೆಟ್ ಬಳಸಿ "ಎಲ್ಲ ಸರಿಯಿದೆ" ಎಂದು ತೋರಿಸುತ್ತದೆ. ಮೊಬೈಲಿನಲ್ಲಿ ಬಂದು ಕಂಪ್ಯೂಟರಿನಲ್ಲಿ ಬರದಿದ್ದರೆ ರೌಟರೂ ಕಂಪನಿಯೂ ನಿರ್ದೋಷಿಗಳು. ತೊಂದರೆ ಕಂಪ್ಯೂಟರಿನದು.

ಎರಡು, ಯಾವ ಜಾಲತಾಣವೂ ತೆರೆಯುತ್ತಿಲ್ಲವೋ, ಯಾವುದೋ ಒಂದು ಮಾತ್ರವೋ? ಒಂದೇ ಒಂದು ತೆರೆಯದಿದ್ದರೆ ಬಹುಪಾಲು ಆ ತಾಣದ ಕಡೆಯೇ ಏನೋ ಆಗಿರುತ್ತದೆ. ಮೊಬೈಲ್ ಡೇಟಾದಲ್ಲಿ ಅದನ್ನೇ ತೆರೆದು ನೋಡಿ. ಅಲ್ಲೂ ಬರದಿದ್ದರೆ ಕಾಯುವುದೇ ಮದ್ದು.

ಈ ಎರಡು ಪ್ರಶ್ನೆಗಳಿಗೆ ಒಂದು ನಿಮಿಷವೂ ಬೇಡ. ಹುಡುಕಬೇಕಾದ ಜಾಗ ಮಾತ್ರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಡಬ್ಬಿಯ ದೀಪಗಳು ಹೇಳುವ ಮಾತು

ಈಗ ನಗರಗಳಲ್ಲಿ ಹೆಚ್ಚಿನ ಮನೆಗಳಿಗೆ ಬರುವುದು ಫೈಬರ್, ಅಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆ. ಅದು ಬಂದು ಸೇರುವ ಡಬ್ಬಿಯ ಮೇಲೆ ಎರಡು ದೀಪಗಳನ್ನು ಗುರುತಿಸಿಟ್ಟುಕೊಳ್ಳಿ. ಒಂದರ ಕೆಳಗೆ ಪಿ, ಓ, ಎನ್ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದು ಮಿನುಗದೆ ಹಸಿರಾಗಿ ನಿಂತಿದ್ದರೆ ಕಂಪನಿಯ ಬೆಳಕು ಮನೆಯವರೆಗೆ ಬಂದಿದೆ. ಇನ್ನೊಂದರ ಕೆಳಗೆ ಎಲ್, ಓ, ಎಸ್. ಸಿಗ್ನಲ್ ಕಳೆದುಹೋಗಿದೆ ಎಂದು ಇದರ ಅರ್ಥ. ಇದು ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಲೇ ಇಲ್ಲ. ಎಳೆ ಎಲ್ಲೋ ತುಂಡಾಗಿರಬೇಕು, ಇಲ್ಲವೇ ಅತಿಯಾಗಿ ಬಾಗಿರಬೇಕು. ಕಪಾಟು ಸರಿಸುವಾಗ ಹಿಂದೆ ಎಳೆ ಸಿಕ್ಕಿ ಮಡಿಸಿದ್ದರೆ ಅದನ್ನು ಸಡಿಲಿಸಿ ನೋಡಬಹುದು. ಅಷ್ಟರ ಮೇಲೂ ಕೆಂಪು ಹೋಗದಿದ್ದರೆ ಮನೆಯಲ್ಲಿ ಕುಳಿತು ಮಾಡುವಂಥದ್ದು ಏನೂ ಇಲ್ಲ. ನೇರವಾಗಿ ದೂರು ಕೊಡಿ. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ಮಾತ್ರ ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ದೀಪಗಳೆಲ್ಲ ಸರಿಯಿದ್ದೂ ನೆಟ್ ಇಲ್ಲವೆಂದರೆ ಎಲ್ಲರಿಗೂ ಗೊತ್ತಿರುವ ಚಿಕಿತ್ಸೆ ಮಾಡಿ. ಆದರೆ ಕ್ರಮವಾಗಿ: ಡಬ್ಬಿಯನ್ನೂ, ಬೇರೆ ರೌಟರ್ ಇದ್ದರೆ ಅದನ್ನೂ ಪ್ಲಗ್ಗಿನಲ್ಲೇ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮೊದಲು ಫೈಬರ್ ಡಬ್ಬಿಯನ್ನು, ಅದರ ದೀಪಗಳು ನೆಲೆಗೊಂಡ ಮೇಲೆ ರೌಟರನ್ನು ಆನ್ ಮಾಡಿ. ಎರಡು ಮೂರು ನಿಮಿಷ ಕಾಯಿರಿ.

ಇಲ್ಲೊಂದು ಎಚ್ಚರಿಕೆ. ರೌಟರಿನ ಹಿಂಬದಿಯಲ್ಲಿ ಗುಂಡುಸೂಜಿಯಿಂದ ಒತ್ತುವ ಪುಟ್ಟ ತೂತೊಂದಿರುತ್ತದೆ. ಅದು ರೀಸೆಟ್. ಆಫ್ ಮಾಡಿ ಆನ್ ಮಾಡುವುದೇ ಬೇರೆ, ರೀಸೆಟ್ ಮಾಡುವುದೇ ಬೇರೆ. ರೀಸೆಟ್ ಮಾಡಿದರೆ ವೈಫೈ ಹೆಸರು, ಪಾಸ್‌ವರ್ಡ್, ಕಂಪನಿಯವರು ತುಂಬಿಸಿದ್ದ ಲಾಗಿನ್ ಎಲ್ಲವೂ ಅಳಿಸಿಹೋಗಬಹುದು. ಮತ್ತೆ ಅವರ ಮನುಷ್ಯ ಬರುವವರೆಗೆ ಕಾಯಬೇಕಾದೀತು. ಸೂಜಿಯನ್ನು ದೂರ ಇಡಿ.

ಕರೆಂಟ್ ಹೋದಾಗ ರೌಟರಿಗೆ ಚಿಕ್ಕ ಯುಪಿಎಸ್ ಹಾಕಿದರೂ ನೆಟ್ ಬರುತ್ತಿಲ್ಲ ಎಂದು ಕೆಲವರು ಗೊಣಗುವುದುಂಟು. ಸ್ಥಳೀಯ ಕೇಬಲ್‌ನವರ ಸಂಪರ್ಕವಾದರೆ ಕಟ್ಟಡದ ತಾರಸಿಯಲ್ಲೋ ಮೆಟ್ಟಿಲ ಕೆಳಗೋ ಅವರದೊಂದು ಸ್ವಿಚ್ ಪೆಟ್ಟಿಗೆ ಇರುತ್ತದೆ. ಅದಕ್ಕೂ ಕರೆಂಟ್ ಬೇಕು. ಸೊಸೈಟಿಯ ಸಭೆಯಲ್ಲಿ ಎತ್ತಬೇಕಾದ ವಿಷಯವಿದು.

ವೈಫೈ ಇದೆ ಎಂದರೆ ನೆಟ್ ಇದೆ ಎಂದಲ್ಲ

ಫೋನಿನ ಮೇಲ್ತುದಿಯಲ್ಲಿ ವೈಫೈಯ ಬೀಸಣಿಗೆ ಗುರುತು ತುಂಬಿದ್ದರೆ ನೀವು ರೌಟರಿನ ಹತ್ತಿರ ಇದ್ದೀರಿ ಎಂದಷ್ಟೇ ಅರ್ಥ. ನಲ್ಲಿ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಟ್ಯಾಂಕಿನಲ್ಲಿ ನೀರಿದೆಯೆಂದು ಹೇಳಲಾಗದು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ನೆಟ್ ಸರಿಯಿದ್ದು ವೈಫೈ ದುರ್ಬಲವಾಗಿರುತ್ತದೆ. ಆಧುನಿಕ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಹತ್ತು ಮನೆಗಳ ರೌಟರುಗಳೂ ಅದರಲ್ಲೇ ಕೂಗಾಡುತ್ತಿರುತ್ತವೆ. ಎರಡನೆಯದು ವೇಗಿ, ಆದರೆ ಎರಡು ಕಾಂಕ್ರೀಟ್ ಗೋಡೆಗಳಾಚೆ ಸೋಲುತ್ತದೆ. ಮಲಗುವ ಕೋಣೆಯಲ್ಲಿ ಮಾತ್ರ ತೊಂದರೆಯೆಂದರೆ ಲ್ಯಾಪ್‌ಟಾಪನ್ನು ರೌಟರಿನ ಪಕ್ಕಕ್ಕೆ ಒಯ್ದು ನೋಡಿ. ಅಲ್ಲಿ ಸರಿಯಾದರೆ ಕಂಪನಿಯನ್ನು ಬೈಯಬೇಕಿಲ್ಲ, ರೌಟರಿನ ಜಾಗ ಬದಲಿಸಿದರೆ ಸಾಕು. ಸಾಧ್ಯವಿದ್ದರೆ ಒಂದು ಲ್ಯಾನ್ ಕೇಬಲ್ ಮನೆಯಲ್ಲಿರಲಿ. ಅದರಿಂದ ನೇರವಾಗಿ ಜೋಡಿಸಿದಾಗ ನೆಟ್ ಬಂದರೆ ದೋಷ ವೈಫೈಯದೆಂದು ಸಾಬೀತಾಯಿತು.

ಕಪ್ಪು ಕಿಟಕಿಯ ಮೂರು ಪ್ರಶ್ನೆಗಳು

ವಿಂಡೋಸ್ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಒತ್ತಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆಯುತ್ತದೆ. ಇದನ್ನು ಕಂಡು ಹಲವರು ಹೆದರುತ್ತಾರೆ. ಇಲ್ಲಿ ಹೇಳುವ ಆಜ್ಞೆಗಳು ಯಾವ ಫೈಲನ್ನೂ ಅಳಿಸುವುದಿಲ್ಲ.

ಮೊದಲು ಐಪಿಕಾನ್‌ಫಿಗ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ: ಐ, ಪಿ, ಸಿ, ಓ, ಎನ್, ಎಫ್, ಐ, ಜಿ, ನಡುವೆ ಜಾಗವಿಲ್ಲದೆ. ಎಂಟರ್ ಒತ್ತಿದಾಗ ಕೆಲವು ಸಾಲುಗಳು ಮೂಡುತ್ತವೆ. ಐಪಿವಿ4 ಅಡ್ರೆಸ್ ಎಂಬುದು ಮನೆಯೊಳಗೆ ನಿಮ್ಮ ಕಂಪ್ಯೂಟರಿಗೆ ರೌಟರ್ ಕೊಟ್ಟ ನಂಬರು. ಡೀಫಾಲ್ಟ್ ಗೇಟ್‌ವೇ ಎಂಬುದು ರೌಟರಿನ ನಂಬರು. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ರಂತಿರುತ್ತದೆ. ನಿಮ್ಮ ನಂಬರು 169.254 ರಿಂದ ಶುರುವಾಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ರೌಟರ್ ನಂಬರು ಕೊಡದೆ ಹೋದಾಗ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ನಂಬರದು. ವೈಫೈ ಕಡಿದು ಮತ್ತೆ ಜೋಡಿಸಿ, ಅದರಿಂದಾಗದಿದ್ದರೆ ರೌಟರನ್ನೂ ಕಂಪ್ಯೂಟರನ್ನೂ ರೀಸ್ಟಾರ್ಟ್ ಮಾಡಿ.

ಮುಂದಿನದು ಪಿಂಗ್. "ಓ" ಎಂದು ಕೂಗಿ ಆಚೆಯಿಂದ "ಓ" ಎಂಬ ಉತ್ತರಕ್ಕೆ ಕಾಯುವ ಆಟ ಇದು. ಪಿ, ಐ, ಎನ್, ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ನಂಬರು ಬರೆಯಬೇಕು. ಮೂರು ಸಲ ಕೂಗೋಣ.

ಮೊದಲ ಕೂಗು ರೌಟರಿಗೆ: ಪಿಂಗ್ 192.168.1.1, ಅಥವಾ ನಿಮ್ಮ ಗೇಟ್‌ವೇ ನಂಬರು ಏನಿದೆಯೋ ಅದು. ರಿಪ್ಲೈ ಎಂಬ ಸಾಲು ನಾಲ್ಕು ಸಲ ಬಂದರೆ ರೌಟರಿನವರೆಗೆ ದಾರಿ ಸರಿಯಿದೆ. ಟೈಮ್ಡ್ ಔಟ್ ಅಥವಾ ಅನ್‌ರೀಚಬಲ್ ಎಂದು ಬಂದರೆ ತೊಂದರೆ ಮನೆಯೊಳಗೇ ಇದೆ.

ಎರಡನೆಯ ಕೂಗು ಹೊರಗಿನ ಜಗತ್ತಿಗೆ, ಆದರೆ ಹೆಸರಿಲ್ಲದೆ ನಂಬರಿಗೆ: ಪಿಂಗ್ 8.8.8.8. ಇದು ಗೂಗಲ್‌ನ ಒಂದು ಸರ್ವರಿನ ವಿಳಾಸ. ರೌಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ತೊಂದರೆ ರೌಟರಿನಿಂದಾಚೆ ಇದೆ. ಒಂದೋ ಕಂಪನಿಯ ಲೈನು, ಇಲ್ಲವೇ ರೌಟರಿನ ಲಾಗಿನ್, ಇಲ್ಲವೇ ಬಿಲ್ಲಿನ ಅವಧಿ ಮುಗಿದಿರುವುದು. ಈ ಕೊನೆಯದನ್ನು ಮರೆಯಬೇಡಿ.

ಮೂರನೆಯ ಕೂಗು ಹೆಸರಿಗೆ: ಪಿಂಗ್ ಗೂಗಲ್ ಡಾಟ್ ಕಾಮ್. ನಂಬರಿಗೆ ಉತ್ತರ ಬಂದು ಹೆಸರಿಗೆ "ಹೋಸ್ಟ್ ಸಿಗಲಿಲ್ಲ" ಎಂದು ಇಂಗ್ಲಿಷಿನಲ್ಲಿ ಬಂದರೆ ಕಳ್ಳ ಸಿಕ್ಕಿಬಿದ್ದ. ರಸ್ತೆಯಿದೆ, ಕೌಂಟರ್ ಮುಚ್ಚಿದೆ. ಇದು ಡಿಎನ್‌ಎಸ್ ತೊಂದರೆ. ಕ್ರೋಮ್ ಬ್ರೌಸರಿನಲ್ಲಿ ಎನ್‌ಎಕ್ಸ್‌ಡೊಮೇನ್ ಎಂಬ ಉದ್ದನೆಯ ಪದವೋ, ಸರ್ವರಿನ ಐಪಿ ವಿಳಾಸ ಸಿಗಲಿಲ್ಲವೆಂಬ ಸಾಲೋ ಕಂಡರೆ ಅದೂ ಇದೇ ಜಾತಿಯದು. ಆದರೆ ಹೆಸರಿನ ಅಕ್ಷರ ತಪ್ಪಿದ್ದರೂ ಇದೇ ಸಾಲು ಬರುತ್ತದೆ. ಒಮ್ಮೆ ಓದಿ ನೋಡಿಕೊಳ್ಳಿ.

ಮ್ಯಾಕ್ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ಇದೇ ಪಿಂಗ್ ಮಾಡಬಹುದು. ಅಲ್ಲಿ ಅದು ತಾನಾಗಿ ನಿಲ್ಲುವುದಿಲ್ಲ. ಕಂಟ್ರೋಲ್ ಜೊತೆ ಸಿ ಒತ್ತಿ ನಿಲ್ಲಿಸಬೇಕು.

ಹೆಸರು ಹೇಳಿದರೆ ವಿಳಾಸ ಹೇಳುವವರು

ಜಾಲದಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ನಂಬರಿನಿಂದ. ನಮಗೆ ನೆನಪಿರುವುದು ಹೆಸರು. ಇಂಟರ್‌ನೆಟ್ಟಿನ ಪೂರ್ವಜ ಜಾಲವಾದ ಆರ್ಪಾನೆಟ್ಟಿನ ದಿನಗಳಲ್ಲಿ ಎಲ್ಲ ಹೆಸರು ಮತ್ತು ನಂಬರುಗಳ ಪಟ್ಟಿ ಒಂದೇ ಫೈಲಿನಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಆ ಪಟ್ಟಿಯನ್ನು ಪ್ರತಿ ಮಾಡಿಕೊಳ್ಳಬೇಕು. ಜಾಲ ಬೆಳೆದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಒಂದೇ ಪಟ್ಟಿಯ ಬದಲು ಹಂಚಿಹೋದ ವ್ಯವಸ್ಥೆಯೊಂದನ್ನು ರೂಪಿಸಿದರು. ಅದೇ ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್. ಇಂದಿಗೂ ಅದರ ಮೂಲ ವಿನ್ಯಾಸ ಅದೇ.

ನೀವು ಕನ್ನಡ ವಿಕಿಪೀಡಿಯದ ವಿಳಾಸ ಬರೆದಿರಿ ಎನ್ನಿ. ಕಂಪ್ಯೂಟರ್ ಮೊದಲು ತನ್ನ ನೆನಪಿನಲ್ಲಿ ಹುಡುಕುತ್ತದೆ. ಅಲ್ಲಿಲ್ಲದಿದ್ದರೆ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಹೆಚ್ಚಿನ ಮನೆಗಳಲ್ಲಿ ಇದು ಸಂಪರ್ಕ ಕೊಟ್ಟ ಕಂಪನಿಯದೇ. ಅದಕ್ಕೂ ಗೊತ್ತಿಲ್ಲದಿದ್ದರೆ ಅದು ಮೂಲ ಸರ್ವರುಗಳನ್ನು ಕೇಳುತ್ತದೆ. ಇಂಥವಕ್ಕೆ ಎ ಯಿಂದ ಎಂ ವರೆಗೆ 13 ಹೆಸರುಗಳಿವೆ. ಅವುಗಳ ಪ್ರತಿಗಳು ಭಾರತವೂ ಸೇರಿ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ಇವೆ. ಮೂಲ ಸರ್ವರ್ "ಡಾಟ್ ಆರ್ಗ್ ನೋಡಿಕೊಳ್ಳುವವರನ್ನು ಕೇಳು" ಎನ್ನುತ್ತದೆ. ಅವರು "ವಿಕಿಪೀಡಿಯದವರನ್ನು ಕೇಳು" ಎನ್ನುತ್ತಾರೆ. ಕೊನೆಗೆ ವಿಕಿಪೀಡಿಯದ ಸರ್ವರ್ ನಂಬರು ಕೊಡುತ್ತದೆ. ಊರಿಗೆ ಹೊಸಬರು ಬಂದಾಗ ಬಸ್‌ಸ್ಟ್ಯಾಂಡಿನವರು ಓಣಿ ತೋರಿಸಿ, ಓಣಿಯವರು ಮನೆ ತೋರಿಸಿದಂತೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಸಿಕ್ಕ ಉತ್ತರವನ್ನು ಒಂದಷ್ಟು ಹೊತ್ತು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ನಮ್ಮ ಲಿಪಿಯಲ್ಲೂ ವಿಳಾಸ ಬರೆಯಬಹುದು. ಡಾಟ್ ಇನ್ ಇರುವಂತೆ ಕನ್ನಡ ಲಿಪಿಯ ಡಾಟ್ ಭಾರತ ಎಂಬ ಕೊನೆಹೆಸರೂ ಇದೆ. ತೆರೆಮರೆಯಲ್ಲಿ ಬ್ರೌಸರ್ ಅದನ್ನು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಮಾರ್ಪಡಿಸಿಕೊಂಡು ಡಿಎನ್‌ಎಸ್‌ನಲ್ಲಿ ಹುಡುಕುತ್ತದೆ.

ಡಿಎನ್‌ಎಸ್ ಸರಿಪಡಿಸುವುದು ಹೇಗೆ?

ಮೊದಲ ಮದ್ದು, ಕಂಪ್ಯೂಟರಿನ ಹಳೆಯ ನೆನಪನ್ನು ತೊಳೆಯುವುದು. ಜಾಲತಾಣವೊಂದು ಹೊಸ ನಂಬರಿಗೆ ಹೋಗಿದ್ದು ನಿಮ್ಮ ಕಂಪ್ಯೂಟರ್ ಹಳೆಯ ನಂಬರನ್ನೇ ಹಿಡಿದುಕೊಂಡಿದ್ದರೆ ಇದರಿಂದ ಸರಿಯಾಗುತ್ತದೆ. ಕಪ್ಪು ಕಿಟಕಿಯಲ್ಲಿ ಐಪಿಕಾನ್‌ಫಿಗ್ ಎಂದು ಬರೆದು, ಒಂದು ಜಾಗ ಬಿಟ್ಟು, ಬಲಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ ಎಫ್, ಎಲ್, ಯು, ಎಸ್, ಎಚ್, ಡಿ, ಎನ್, ಎಸ್ ಎಂದು ಬರೆದು ಎಂಟರ್ ಒತ್ತಿ.

ಎರಡನೆಯದು ಕಂಪನಿಯ ಕೌಂಟರೇ ಕೆಟ್ಟಿದೆಯೇ ಎಂದು ತಿಳಿಯುವುದು. ಎನ್, ಎಸ್, ಎಲ್, ಓ, ಓ, ಕೆ, ಯು, ಪಿ ಎಂದು ಬರೆದು, ಜಾಗ ಬಿಟ್ಟು, ಜಾಲತಾಣದ ಹೆಸರು ಬರೆಯಿರಿ. ಉತ್ತರ ಬರದಿದ್ದರೆ ಅದೇ ಸಾಲನ್ನು ಮತ್ತೆ ಬರೆದು ಕೊನೆಯಲ್ಲಿ ಜಾಗ ಬಿಟ್ಟು 8.8.8.8 ಸೇರಿಸಿ. "ಗೂಗಲ್‌ನ ಕೌಂಟರಿನಲ್ಲಿ ಕೇಳು" ಎಂದು ಇದರ ಅರ್ಥ. ಮೊದಲನೆಯದಕ್ಕೆ ಉತ್ತರವಿಲ್ಲದೆ ಎರಡನೆಯದಕ್ಕೆ ಬಂದರೆ ದೋಷ ಕಂಪನಿಯ ಡಿಎನ್‌ಎಸ್‌ನಲ್ಲಿ, ಇಲ್ಲವೇ ಅದಕ್ಕೂ ನಿಮಗೂ ನಡುವೆ ನಿಂತ ರೌಟರಿನಲ್ಲಿ ಇದೆ. ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೂ ಹಾಗೇ ಇದ್ದರೆ ಕೌಂಟರ್ ಬದಲಿಸಬಹುದು.

ಎಲ್ಲರಿಗೂ ತೆರೆದಿರುವ ಉಚಿತ ಡಿಎನ್‌ಎಸ್‌ಗಳು ಕೆಲವಿವೆ. ಗೂಗಲ್ 2009ರಲ್ಲಿ ಶುರುಮಾಡಿದ್ದು 8.8.8.8 ಮತ್ತು 8.8.4.4. ಕ್ಲೌಡ್‌ಫ್ಲೇರ್ 2018ರಲ್ಲಿ ಶುರುಮಾಡಿದ್ದು 1.1.1.1 ಮತ್ತು 1.0.0.1. ಕ್ವಾಡ್9 ಎಂಬುದು 2017ರಲ್ಲಿ ಶುರುವಾಯಿತು. ಅದರ ನಂಬರು 9.9.9.9, ಜೊತೆಗೆ 149.112.112.112. ಮೋಸದ ತಾಣಗಳೆಂದು ಗೊತ್ತಾದ ಹೆಸರುಗಳಿಗೆ ಇದು ವಿಳಾಸ ಕೊಡುವುದಿಲ್ಲ. ಹಿರಿಯರಿರುವ ಮನೆಗೆ ಇದು ಒಳ್ಳೆಯದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಆಂಡ್ ಇಂಟರ್‌ನೆಟ್, ಅಲ್ಲಿ ವೈಫೈ, ಅಲ್ಲಿ ಹಾರ್ಡ್‌ವೇರ್ ಪ್ರಾಪರ್ಟೀಸ್ ತೆರೆಯಿರಿ. ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎಂಬ ಸಾಲಿನೆದುರು ಎಡಿಟ್ ಒತ್ತಿ, ಮ್ಯಾನುಯಲ್ ಆರಿಸಿ, ಐಪಿವಿ4 ಆನ್ ಮಾಡಿ ಎರಡು ನಂಬರುಗಳನ್ನು ತುಂಬಿ ಸೇವ್ ಮಾಡಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ಡೀಟೇಲ್ಸ್, ಡಿಎನ್‌ಎಸ್ ಎಂಬ ದಾರಿ. ಇಷ್ಟಾದರೂ ವ್ಯತ್ಯಾಸ ಕಾಣದಿದ್ದರೆ ಕಂಪ್ಯೂಟರ್ ಐಪಿವಿ6 ಮೂಲಕ ಹಳೆಯ ಕೌಂಟರನ್ನೇ ಕೇಳುತ್ತಿರಬಹುದು. ಆ ಸಾಲಿನಲ್ಲೂ 2001:4860:4860::8888 ಎಂಬ ಗೂಗಲ್‌ನ ನಂಬರು ತುಂಬಿ ನೋಡಿ.

ಬದಲಿಸುವ ಮೊದಲು ಹಳೆಯ ಸ್ಥಿತಿಯ ಫೋಟೋ ತೆಗೆದಿಟ್ಟುಕೊಳ್ಳಿ. ಆಫೀಸಿನ ಲ್ಯಾಪ್‌ಟಾಪಾದರೆ ಕೈಹಾಕಬೇಡಿ, ಅದರ ಡಿಎನ್‌ಎಸ್ ಆಫೀಸಿನವರು ಕೊಟ್ಟಂತೆಯೇ ಇರಬೇಕು. ಇನ್ನೊಂದು ಮಾತು: ಕೌಂಟರಿನಲ್ಲಿ ಕುಳಿತವರಿಗೆ ನೀವು ಯಾರ ಯಾರ ವಿಳಾಸ ಕೇಳಿದಿರಿ ಎಂದು ತಿಳಿಯುತ್ತದೆ. ಕಂಪನಿಯಿಂದ ಗೂಗಲ್‌ಗೆ ಹೋದರೆ ತಿಳಿಯುವವರು ಬದಲಾದರು, ಅಷ್ಟೆ.

ಆಂಡ್ರಾಯ್ಡ್ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಆಯ್ಕೆಯಿದೆ. ಜಾಹೀರಾತು ತಡೆಯಲೆಂದು ಯಾರೋ ಹೇಳಿದ ಹೆಸರನ್ನು ಅಲ್ಲಿ ಹಾಕಿ ಮರೆತಿದ್ದು, ಆ ಸರ್ವರ್ ನಿಂತುಹೋದರೆ ಫೋನಿನಲ್ಲಿ ನೆಟ್ಟೇ ಇಲ್ಲದಂತಾಗುತ್ತದೆ. ಅದನ್ನು ಆಟೋಮ್ಯಾಟಿಕ್‌ಗೆ ತಂದರೆ ಸರಿಹೋಗುತ್ತದೆ.

ಕೌಂಟರಿನಲ್ಲಿ ಕಳ್ಳ ಕುಳಿತರೆ

ವಿಚಾರಣಾ ಕೌಂಟರಿನಲ್ಲಿ ಮೋಸಗಾರನೊಬ್ಬ ಕುಳಿತು ಬ್ಯಾಂಕಿನ ಬದಲು ತನ್ನ ಅಂಗಡಿಯ ದಾರಿ ತೋರಿಸಿದರೆ? ಇದು ನಿಜಕ್ಕೂ ನಡೆದಿದೆ. ಡಿಎನ್‌ಎಸ್‌ಚೇಂಜರ್ ಎಂಬ ದುಷ್ಟ ತಂತ್ರಾಂಶ 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ಸೆಟ್ಟಿಂಗನ್ನು ಗುಟ್ಟಾಗಿ ಬದಲಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಭೇದಿಸಿತು. ಕಳ್ಳರ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಅಷ್ಟೂ ಕಂಪ್ಯೂಟರುಗಳಿಗೆ ನೆಟ್ ನಿಂತುಹೋಗುತ್ತಿತ್ತು. ಆದ್ದರಿಂದ ನ್ಯಾಯಾಲಯದ ಅನುಮತಿಯಿಂದ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಿ, ನಂತರ ಮುಚ್ಚಲಾಯಿತು.

ಇದರಿಂದ ಕಲಿಯಬೇಕಾದ ಪಾಠ ಸರಳ. ರೌಟರಿನ ಸೆಟ್ಟಿಂಗಿಗೆ ಹೋಗುವ ಲಾಗಿನ್ ಇನ್ನೂ ಅಡ್ಮಿನ್, ಅಡ್ಮಿನ್ ಎಂದೇ ಇದ್ದರೆ ಇವತ್ತೇ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ರೌಟರಿನ ಡಿಎನ್‌ಎಸ್ ಬದಲಾದರೆ ಮನೆಯ ಅಷ್ಟೂ ಫೋನು, ಟಿವಿ, ಕಂಪ್ಯೂಟರುಗಳು ದಾರಿ ತಪ್ಪುತ್ತವೆ. ಬ್ಯಾಂಕಿನ ತಾಣ ತೆರೆದಾಗ ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ಎಚ್ಚರಿಸಿದರೆ ಮುಂದುವರಿಯಬೇಡಿ.

ಅದೇ ಎಚ್ಚರಿಕೆ ಎಲ್ಲ ತಾಣಗಳಿಗೂ ಬರುತ್ತಿದ್ದರೆ ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಹಳೆಯ ಕಂಪ್ಯೂಟರಿನೊಳಗಿನ 2032 ಎಂಬ ಬಿಲ್ಲೆ ಬ್ಯಾಟರಿ ಮುಗಿದರೆ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಆಗ ತಾಣಗಳ ಭದ್ರತಾ ಪತ್ರಗಳು ಅದಕ್ಕೆ ಅಸಿಂಧುವಾಗಿ ಕಾಣುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬಿಲ್ಲೆಯೊಂದನ್ನು ಹಾಕಿಸಿದರೆ ಮುಗಿಯಿತು. ಮೂರೂ ಪಿಂಗ್ ಸರಿಯಿದ್ದು ಬ್ರೌಸರ್ ಮಾತ್ರ ತೆರೆಯದಿದ್ದರೆ ವಿಪಿಎನ್ ಅಥವಾ ಪ್ರಾಕ್ಸಿ ಆನ್ ಆಗಿ ಉಳಿದಿದೆಯೇ ನೋಡಿ, ಇನ್ನೊಂದು ಬ್ರೌಸರಿನಲ್ಲಿ ಪ್ರಯತ್ನಿಸಿ.

ನಮ್ಮ ಮನೆಯ ತಪ್ಪೇ ಅಲ್ಲದಾಗ

2021ರ ಅಕ್ಟೋಬರ್ 4ರ ರಾತ್ರಿ ಸುಮಾರು 9 ಗಂಟೆಗೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಟ್ಟಿಗೇ ನಿಂತವು. ಆ ಕಂಪನಿ ತನ್ನ ಜಾಲದ ನಿರ್ವಹಣೆ ಮಾಡುತ್ತಿದ್ದಾಗ ಕೊಟ್ಟ ಒಂದು ಆಜ್ಞೆಯಿಂದ ಅದರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಜಗತ್ತಿನ ನಕಾಶೆಯಿಂದ ಅಳಿಸಿಹೋಗಿತ್ತು. ಸರಿಯಾಗಲು ಸುಮಾರು ಆರು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಮನೆಯಲ್ಲಿ ರೌಟರ್ ಎಷ್ಟು ಸಲ ಆಫ್ ಮಾಡಿದರೂ ಫಲವಿರಲಿಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ಕಡಿದಾಗಲೂ ಹೀಗೆಯೇ. ಭಾರತದಿಂದ ಪಶ್ಚಿಮಕ್ಕೆ ಹೋಗುವ ಸಂಪರ್ಕ ಹಲವು ದಿನ ನಿಧಾನವಾಗಿತ್ತು. ಬೇರೆ ತಾಣಗಳು ತೆರೆಯುತ್ತಿದ್ದರೆ ಸುಮ್ಮನೆ ಒಂದು ಕಾಫಿ ಮಾಡಿಕೊಳ್ಳಿ.

ಕಂಪನಿಗೆ ಫೋನ್ ಮಾಡುವಾಗ

ಪರಭಾಷೆಯ ಊರಿನಲ್ಲಿ ದೂರು ಹೇಳುವುದೂ ಒಂದು ಕೆಲಸ. "ನೆಟ್ ನಹೀ ಚಲ್ ರಹಾ" ಎಂದಷ್ಟೇ ಹೇಳಿದರೆ ಆ ಕಡೆಯವರು ತಮ್ಮ ಪಟ್ಟಿಯ ಮೊದಲ ಸಾಲಿನಿಂದ ಶುರುಮಾಡಿ ರೀಸ್ಟಾರ್ಟ್ ಮಾಡಿಸುತ್ತಾರೆ. "ರೌಟರಿಗೆ ಪಿಂಗ್ ಹೋಗುತ್ತದೆ, 8.8.8.8ಕ್ಕೆ ಹೋಗುವುದಿಲ್ಲ, ಎಲ್‌ಓಎಸ್ ದೀಪ ಕೆಂಪಿದೆ" ಎನ್ನಿ. ಈ ಮಾತುಗಳು ಹಿಂದಿ, ಮರಾಠಿ, ತಮಿಳು, ತೆಲುಗು ಎಲ್ಲದರಲ್ಲೂ ಇವೇ. ದೂರಿನ ನಂಬರು, ಹೊತ್ತು ಬರೆದಿಟ್ಟುಕೊಳ್ಳಿ. ಮಾತಿನ ಕೊನೆಗೆ ಪರಿಹಾರಕ್ಕೆ ಎಷ್ಟು ಗಂಟೆಯೆಂದು ಕೇಳಿ. ಆ ದೂರಿಗೆ ತೃಪ್ತಿಕರ ಉತ್ತರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಅವಕಾಶ ಟ್ರಾಯ್ ನಿಯಮಗಳಲ್ಲಿದೆ. ಅದಕ್ಕೆ ದೂರಿನ ನಂಬರು ಬೇಕೇ ಬೇಕು.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ನಕಲಿ ನಂಬರುಗಳನ್ನು ಹರಿಬಿಟ್ಟು ಕಾಯುವವರಿದ್ದಾರೆ. ಬಿಲ್ಲಿನ ಮೇಲೋ ಕಂಪನಿಯ ಆ್ಯಪಿನಲ್ಲೋ ಇರುವ ನಂಬರೇ ನಂಬಿಕೆಗೆ ಅರ್ಹ. ನೆಟ್ ಸರಿಮಾಡಲು ಯಾರಿಗೂ ಒಟಿಪಿ ಬೇಕಿಲ್ಲ, ಹತ್ತು ರೂಪಾಯಿಯ "ಪರೀಕ್ಷಾ ಪಾವತಿ" ಬೇಕಿಲ್ಲ. ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಊರಿನವರಿಗೆ ಫೋನಿನಲ್ಲೇ

ನಗರದಲ್ಲಿರುವ ಮಕ್ಕಳೇ ಊರಿನ ಮನೆಯ ಕಂಪ್ಯೂಟರ್ ರಿಪೇರಿಯವರು. ಅಲ್ಲಿ "ನೋಡೇ, ಏನೂ ಬರ್ತಾ ಇಲ್ಲ" ಎಂಬ ಕರೆ ಬಂದಾಗ ಗೇಟ್‌ವೇ, ಸರ್ವರ್ ಎಂದು ಶುರುಮಾಡಿದರೆ ಇಬ್ಬರಿಗೂ ತಲೆನೋವು. ಪ್ರಶ್ನೆಗಳನ್ನು ಕಣ್ಣಿಗೆ ಕಾಣುವ ವಸ್ತುಗಳಿಗೆ ಕಟ್ಟಿಕೊಳ್ಳಿ. "ಅಮ್ಮಾ, ಡಬ್ಬಿ ಮೇಲೆ ಕೆಂಪು ದೀಪ ಏನಾದ್ರೂ ಉರೀತಿದೆಯಾ?" "ಟಿವಿಯಲ್ಲಿ ಯೂಟ್ಯೂಬ್ ಬರುತ್ತಾ?" "ಪಕ್ಕದ ಮನೆಯವರಿಗೆ ಬರ್ತಿದೆಯಾ, ಒಮ್ಮೆ ಕೇಳಮ್ಮ." ಮೂರು ಉತ್ತರಗಳಲ್ಲಿ ನಿಮಗೆ ನಿಲ್ದಾಣ ಗೊತ್ತಾಗುತ್ತದೆ. ಕೆಂಪಿದ್ದರೆ ಕೇಬಲ್‌ನವರಿಗೆ ನೀವೇ ಇಲ್ಲಿಂದ ಫೋನ್ ಮಾಡಬಹುದು. ಟಿವಿಯಲ್ಲಿ ಬಂದು ಫೋನಿನಲ್ಲಿ ಬರದಿದ್ದರೆ ಫೋನನ್ನು ರೀಸ್ಟಾರ್ಟ್ ಮಾಡಿಸಿದರೆ ಸಾಕಾಗಬಹುದು.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ದಪ್ಪ ಕಾಗದದ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಇಷ್ಟು ಬರೆದು ರೌಟರಿನ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ: ಸಂಪರ್ಕದ ಗ್ರಾಹಕ ಸಂಖ್ಯೆ, ಬಿಲ್ಲಿನಲ್ಲಿರುವ ದೂರಿನ ನಂಬರು, ಲೈನ್‌ಮನ್ ಫೋನು, ಬಿಲ್ಲು ಕಟ್ಟುವ ತಾರೀಖು, ಯಾವ ದೀಪ ಹಸಿರಿರಬೇಕು, ಯಾವ ಸ್ವಿಚ್ಚು ಒತ್ತಬೇಕು, ಯಾವ ತೂತಿಗೆ ಸೂಜಿ ಹಾಕಬಾರದು. ಕೊನೆಯ ಸಾಲಿನಲ್ಲಿ 1930. ಅಂಥದ್ದೇ ಇನ್ನೊಂದು ಕಾಗದ ನಿಮ್ಮ ನಗರದ ಮನೆಯ ರೌಟರಿನ ಪಕ್ಕದಲ್ಲೂ ಇರಲಿ. ನೆಟ್ ಹೋದ ದಿನ ಅದನ್ನು ನೆಟ್ಟಿನಲ್ಲಿ ಹುಡುಕಲಾಗದು.